ಸಕಲೇಶಪುರ–ಆಲೂರು ಮಲೆನಾಡಿನಲ್ಲಿ ಪಕ್ಷಿವೀಕ್ಷಣೆ

ಪಕ್ಷಿವೀಕ್ಷಣೆಯು ಹಕ್ಕಿಗಳನ್ನು ಹಿಡಿಯದೆ, ಸಾಕದೆ, ಅವುಗಳ ಸಹಜ ನೆಲೆಯಲ್ಲಿಯೇ ಕಂಡು, ದನಿಯನ್ನು ಕೇಳಿ, ಗುರುತಿಸಿ ದಾಖಲಿಸಿಕೊಳ್ಳುವ ಒಂದು ಹವ್ಯಾಸ. ಆರಂಭಿಸಲು ಮತ್ತು ಮುಂದುವರಿಸಲು ಅತಿ ಕಡಿಮೆ ಖರ್ಚು ತಗಲುವ ಹವ್ಯಾಸಗಳಲ್ಲಿ ಇದೂ ಒಂದು. ಕರ್ನಾಟಕದ ಹಾಸನ ಜಿಲ್ಲೆಯ ಪಶ್ಚಿಮ ಭಾಗದಲ್ಲಿರುವ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳು ಪಶ್ಚಿಮಘಟ್ಟದ ಮಳೆಕಾಡು, ಕಾಫಿ ತೋಟ, ಭತ್ತದ ಗದ್ದೆ ಹಾಗೂ ಹೇಮಾವತಿ ನದಿಯ ಹಿನ್ನೀರು ಒಂದರ ಪಕ್ಕ ಒಂದಿರುವ ಪ್ರದೇಶಗಳಾದ್ದರಿಂದ ಇಲ್ಲಿ ಮನೆಯಂಗಳದಿಂದಲೇ ಈ ಹವ್ಯಾಸವನ್ನು ರೂಢಿಸಿಕೊಳ್ಳಲು ಸಾಧ್ಯವಿದೆ. ಇದೇ ಪ್ರದೇಶವು ಕಾಡಾನೆ–ಮಾನವ ಸಂಘರ್ಷದ ಪ್ರದೇಶವೂ ಆಗಿರುವುದರಿಂದ ವೀಕ್ಷಣೆಯ ಸಮಯ ಮತ್ತು ಸ್ಥಳದ ಆಯ್ಕೆಯಲ್ಲಿ ವಿಶೇಷ ಎಚ್ಚರ ಅಗತ್ಯ.

## ಭೌಗೋಳಿಕ ಹಿನ್ನೆಲೆ

ಸಕಲೇಶಪುರ ಪಟ್ಟಣವು ಹೇಮಾವತಿ ನದಿಯ ದಡದಲ್ಲಿ, ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75 ಆಲೂರು ತಾಲ್ಲೂಕನ್ನು ಹಾದು ಸಕಲೇಶಪುರಕ್ಕೆ ಬಂದು, ಅಲ್ಲಿಂದ ಶಿರಾಡಿ ಘಾಟಿಯ ಮೂಲಕ ಕರಾವಳಿಗೆ ಇಳಿಯುತ್ತದೆ. ಪಟ್ಟಣದ ಸಮೀಪದ ಗುಡ್ಡದ ಮೇಲೆ ಟಿಪ್ಪು ಸುಲ್ತಾನನ ಕಾಲದಲ್ಲಿ ಕಟ್ಟಲಾದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯಿದೆ. ತಾಲ್ಲೂಕಿನ ನೈಋತ್ಯ ಅಂಚಿನಲ್ಲಿ ಬಿಸಿಲೆ ಮೀಸಲು ಅರಣ್ಯವಿದ್ದು, ಅಲ್ಲಿಂದ ಕುಮಾರ ಪರ್ವತದ ಶ್ರೇಣಿ ಕಾಣುತ್ತದೆ. ಬಿಸಿಲೆ ಘಾಟಿಯ ರಸ್ತೆಯು ಕುಕ್ಕೆ ಸುಬ್ರಹ್ಮಣ್ಯಕ್ಕೆ ಸಾಗುತ್ತದೆ.

ಘಟ್ಟದ ಅಂಚಿನಲ್ಲಿ ಮುಂಗಾರು ಮಳೆ ಅತ್ಯಧಿಕವಾಗಿದ್ದು, ಪೂರ್ವಕ್ಕೆ ಸರಿದಂತೆ ವೇಗವಾಗಿ ಕಡಿಮೆಯಾಗುತ್ತದೆ. ಬಿಸಿಲೆಯ ನಿತ್ಯಹರಿದ್ವರ್ಣ ಕಾಡಿನಿಂದ ಆಲೂರಿನ ಅರೆಮಲೆನಾಡಿಗೆ ಬರುವಷ್ಟರಲ್ಲಿ ಮರಗಿಡಗಳ ಸ್ವರೂಪವೇ ಬದಲಾಗುತ್ತದೆ. ಘಟ್ಟದ ನೆತ್ತಿಯ ಹುಲ್ಲುಗಾವಲು, ಕಣಿವೆಗಳ ಶೋಲಾ ಕಾಡು, ನೆರಳಿನ ಕಾಫಿ ತೋಟ, ಗದ್ದೆ ಬಯಲು, ಕೆರೆ ಮತ್ತು ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರು ಎಲ್ಲವೂ ಒಂದು ದಿನದ ಪ್ರಯಾಣದೊಳಗೆ ಸಿಗುತ್ತವೆ. ನೆಲೆ ಬದಲಾದಂತೆ ಹಕ್ಕಿಗಳೂ ಬದಲಾಗುವುದರಿಂದ ಚಿಕ್ಕ ಪ್ರದೇಶದಲ್ಲಿಯೇ ಹಲವು ಬಗೆಯ ಹಕ್ಕಿಗಳನ್ನು ಕಾಣಬಹುದು.

ಇಲ್ಲಿನ ಕಾಫಿಯನ್ನು ಬಹುಪಾಲು ಮರಗಳ ನೆರಳಿನಲ್ಲಿ ಬೆಳೆಯಲಾಗುತ್ತದೆ. ಅತ್ತಿ, ಬಸರಿ, ಗೋಣಿ, ಹಲಸು, ಹಾಲುವಾಣ ಮುಂತಾದ ನೆರಳಿನ ಮರಗಳು ಹಣ್ಣು, ಮಕರಂದ ಮತ್ತು ಕೀಟಗಳನ್ನು ಒದಗಿಸುವುದರಿಂದ ಕಾಡಿನ ಅನೇಕ ಹಕ್ಕಿಗಳು ತೋಟಗಳಿಗೂ ಬರುತ್ತವೆ. ತೋಟದ ಮಾಲೀಕರಿಗಾಗಲಿ, ಲೈನ್ ಮನೆಗಳಲ್ಲಿ ವಾಸಿಸುವ ಕಾರ್ಮಿಕರ ಮಕ್ಕಳಿಗಾಗಲಿ ಹಕ್ಕಿಗಳನ್ನು ನೋಡಲು ದೂರದ ಅಭಯಾರಣ್ಯಕ್ಕೆ ಹೋಗಬೇಕಾದ ಅಗತ್ಯ ಬೀಳುವುದಿಲ್ಲ.

## ಇತಿಹಾಸ

ಭಾರತದಲ್ಲಿ ಪಕ್ಷಿಗಳ ಆಧುನಿಕ ಅಧ್ಯಯನವು ಬ್ರಿಟಿಷರ ಕಾಲದಲ್ಲಿ ಬೆಳೆಯಿತು. 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಈ ಅಧ್ಯಯನದ ಪ್ರಮುಖ ಕೇಂದ್ರವಾಯಿತು. ಆ ಕಾಲದ ಅಧ್ಯಯನವು ಹೆಚ್ಚಾಗಿ ಹಕ್ಕಿಗಳನ್ನು ಕೊಂದು ಚರ್ಮ ಸಂಗ್ರಹಿಸುವ ವಿಧಾನವನ್ನು ಅವಲಂಬಿಸಿತ್ತು. ಸಲೀಂ ಅಲಿ (1896–1987) ಅವರು 1939–40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ ನಡೆಸಿದರು. ಹಾಸನವೂ ಅಂದು ಅದೇ ಸಂಸ್ಥಾನದ ಜಿಲ್ಲೆಯಾಗಿತ್ತು. 1941ರಲ್ಲಿ ಪ್ರಕಟವಾದ ಅವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಗ್ರಂಥವು ಬಂದೂಕಿನ ಬದಲು ಕಣ್ಣು ಮತ್ತು ಪುಸ್ತಕವನ್ನು ನಂಬಿ ಹಕ್ಕಿಯನ್ನು ಗುರುತಿಸುವ ಹವ್ಯಾಸವನ್ನು ಸಾಮಾನ್ಯ ಓದುಗರಿಗೆ ತಲುಪಿಸಿತು.

ಕನ್ನಡದಲ್ಲಿ ಈ ಹವ್ಯಾಸವನ್ನು ಜನಪ್ರಿಯಗೊಳಿಸಿದವರಲ್ಲಿ ಕೆ. ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಪ್ರಮುಖರು. ಸಕಲೇಶಪುರಕ್ಕೆ ಹೊಂದಿಕೊಂಡಿರುವ ಮೂಡಿಗೆರೆ ತಾಲ್ಲೂಕಿನಲ್ಲಿ ನೆಲೆಸಿ ಕಾಫಿ ಕೃಷಿ ಮಾಡುತ್ತಿದ್ದ ಅವರು ಹಕ್ಕಿಗಳ ಛಾಯಾಗ್ರಹಣದಲ್ಲಿಯೂ ತೊಡಗಿದ್ದರು. ಅವರ ‘ಕನ್ನಡ ನಾಡಿನ ಹಕ್ಕಿಗಳು’, ‘ಮಿಂಚುಳ್ಳಿ’ ಮತ್ತು ‘ಹಕ್ಕಿ ಪುಕ್ಕ’ ಪುಸ್ತಕಗಳು ಕನ್ನಡ ಓದುಗರಿಗೆ ಹಕ್ಕಿಗಳನ್ನು ಕನ್ನಡದ ಹೆಸರುಗಳಿಂದಲೇ ಪರಿಚಯಿಸಿದವು. ಅವರ ತಂದೆ ಕುವೆಂಪು ಅವರ ಸಾಹಿತ್ಯದಲ್ಲಿಯೂ ಮಲೆನಾಡಿನ ಹಕ್ಕಿಗಳಿಗೆ ವಿಶೇಷ ಸ್ಥಾನವಿದ್ದು, ಅವರ ಒಂದು ಕವನ ಸಂಕಲನದ ಹೆಸರೇ ‘ಪಕ್ಷಿಕಾಶಿ’.

## ಹೆಸರುಗಳು

ಮಲೆನಾಡಿನಲ್ಲಿ ಒಂದೇ ಹಕ್ಕಿಗೆ ಊರಿಂದೂರಿಗೆ ಬೇರೆ ಬೇರೆ ಹೆಸರುಗಳಿವೆ. ಕುಟ್ರ ಹಕ್ಕಿ, ಕೋಗಿಲೆ, ಟಿಟ್ಟಿಭ ಮುಂತಾದ ಹೆಸರುಗಳು ಆಯಾ ಹಕ್ಕಿಯ ದನಿಯ ಅನುಕರಣೆಗಳು. ಮರಕುಟಿಗ, ಸಿಳ್ಳಾರ, ಹರಟೆಮಲ್ಲ ಎಂಬ ಹೆಸರುಗಳು ಹಕ್ಕಿಯ ನಡವಳಿಕೆಯನ್ನೂ, ಕವಲುತೋಕೆ, ನೀಲಕಂಠ ಎಂಬವು ಅದರ ರೂಪವನ್ನೂ ಸೂಚಿಸುತ್ತವೆ. ಬಾಲವನ್ನು ಸದಾ ಮೇಲೆ ಕೆಳಗೆ ಕುಣಿಸುವ ಹಕ್ಕಿಗೆ ಕುಂಡೆಕುಸ್ಕ ಎಂಬ ಹೆಸರಿದೆ. ಹೀಗೆ ಹೆಸರಿನಲ್ಲಿಯೇ ಗುರುತಿನ ಸುಳಿವು ಇರುವುದರಿಂದ, ಹಿರಿಯರನ್ನು ಕೇಳಿ ಸ್ಥಳೀಯ ಹೆಸರುಗಳನ್ನು ಸಂಗ್ರಹಿಸುವುದು ಹೊಸಬರಿಗೆ ಗುರುತಿಸುವಿಕೆಯ ಮೊದಲ ಪಾಠವೂ ಆಗುತ್ತದೆ. ಹಾಗೆ ಸಂಗ್ರಹಿಸಿದ ಹೆಸರಿನೊಂದಿಗೆ ಊರಿನ ಹೆಸರನ್ನೂ ಬರೆದಿಟ್ಟುಕೊಂಡರೆ ಅದು ಭಾಷಾ ಅಧ್ಯಯನಕ್ಕೂ ಉಪಯುಕ್ತ.

## ಪ್ರದೇಶದ ಹಕ್ಕಿಗಳು

### ಮನೆಯಂಗಳ ಮತ್ತು ತೋಟ

ಜುಟ್ಟು ಮತ್ತು ಕೆನ್ನೆಯ ಕೆಂಪು ಮಚ್ಚೆಯಿಂದ ಗುರುತಿಸಬಹುದಾದ ಕೆಮ್ಮೀಸೆ ಪಿಕಳಾರ, ಕಪ್ಪು ಬಿಳುಪಿನ ಮಡಿವಾಳ ಹಕ್ಕಿ, ಗುಂಪಾಗಿ ನೆಲದ ಮೇಲೆ ತರಗೆಲೆ ಕೆದಕುವ ಹರಟೆಮಲ್ಲ, ಹೂವಿನಿಂದ ಹೂವಿಗೆ ಹಾರುವ ಸೂರಕ್ಕಿ, ತುಕ್ಕುಗೆಂಪು ರೆಕ್ಕೆಯ ಕೆಂಬೂತ ಇವು ಅಂಗಳದಲ್ಲಿ ನಿತ್ಯ ಕಾಣುವ ಹಕ್ಕಿಗಳು. ಹಸಿರು ಮೈಯ ಕುಟ್ರ ಹಕ್ಕಿ ಎಲೆಗಳ ನಡುವೆ ಕಣ್ಣಿಗೆ ಬೀಳುವುದು ಕಷ್ಟವಾದರೂ ಬೇಸಿಗೆಯ ದಿನವಿಡೀ ಅದರ ದನಿ ಕೇಳಿಸುತ್ತದೆ. ಬಾಲದ ತುದಿಯಲ್ಲಿ ಎರಡು ಉದ್ದನೆಯ ತಂತಿಯಂತಹ ಗರಿಗಳುಳ್ಳ ಭೀಮರಾಜವು ಕಾಜಾಣಗಳ ಜಾತಿಗೆ ಸೇರಿದ್ದು, ಇತರ ಹಕ್ಕಿಗಳ ದನಿಯನ್ನು ಅನುಕರಿಸುವುದರಲ್ಲಿ ನಿಪುಣ. ಗಂಡು ಕೆಂಪು ಮತ್ತು ಹೆಣ್ಣು ಹಳದಿ ಬಣ್ಣದಲ್ಲಿರುವ ಚಿತ್ರಪಕ್ಷಿಗಳು ಮರದ ನೆತ್ತಿಯಲ್ಲಿ ಜೋಡಿಯಾಗಿ ಅಥವಾ ಗುಂಪಾಗಿ ಓಡಾಡುತ್ತವೆ.

### ಕಾಡು ಮತ್ತು ಕಾಡಂಚು

ಮಂಗಟ್ಟೆಗಳು ಈ ಪ್ರದೇಶದ ಗಮನಾರ್ಹ ಹಕ್ಕಿಗಳು. ಇವನ್ನು ಓಂಗಿಲೆ ಎಂದೂ ಕರೆಯುತ್ತಾರೆ. ಪಶ್ಚಿಮಘಟ್ಟಕ್ಕೆ ಮಾತ್ರ ಸೀಮಿತವಾದ ಬೂದು ಬಣ್ಣದ ಮಲೆ ಮಂಗಟ್ಟೆಯು ಗಹಗಹಿಸಿ ನಕ್ಕಂತಹ ದನಿಯಿಂದ ಗುರುತಾಗುತ್ತದೆ. ದೊಡ್ಡ ಮಂಗಟ್ಟೆಯು ಹಾರುವಾಗ ಅದರ ರೆಕ್ಕೆಗಳಿಂದ ಉಗಿಬಂಡಿಯಂತಹ ಸದ್ದು ಬಹು ದೂರಕ್ಕೆ ಕೇಳುತ್ತದೆ. ಗೂಡು ಕಟ್ಟುವ ಕಾಲದಲ್ಲಿ ಹೆಣ್ಣು ಮಂಗಟ್ಟೆಯು ಹಳೆಯ ಮರದ ಪೊಟರೆಯೊಳಗೆ ಸೇರಿ, ಬಾಯನ್ನು ಕಿರಿದಾದ ಸೀಳೊಂದನ್ನು ಬಿಟ್ಟು ಮುಚ್ಚಿಕೊಳ್ಳುತ್ತದೆ. ಗಂಡು ಆ ಸೀಳಿನ ಮೂಲಕ ಆಹಾರ ಒದಗಿಸುತ್ತದೆ. ಗಂಡು ಸತ್ತರೆ ಒಳಗಿನ ಮರಿಗಳೂ ಉಳಿಯುವುದು ಕಷ್ಟ. ಅತ್ತಿ ಜಾತಿಯ ಹಣ್ಣುಗಳನ್ನು ಹೆಚ್ಚಾಗಿ ತಿನ್ನುವ ಇವು ಕಾಡುಮರಗಳ ಬೀಜ ಪ್ರಸಾರದಲ್ಲಿ ಮುಖ್ಯ ಪಾತ್ರ ವಹಿಸುತ್ತವೆ. ದೊಡ್ಡ ಮಂಗಟ್ಟೆ ಮತ್ತು ಮಲೆ ಮಂಗಟ್ಟೆ ಎರಡನ್ನೂ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಅಪಾಯಕ್ಕೊಳಗಾಗಬಲ್ಲ ಪ್ರಭೇದಗಳ ವರ್ಗಕ್ಕೆ ಸೇರಿಸಿದೆ.

ತೊರೆಗಳ ಬಳಿ ವಾಸಿಸುವ ಮಲಬಾರ್ ಸಿಳ್ಳಾರವು ಕಡುನೀಲಿ ಬಣ್ಣದ ಹಕ್ಕಿ. ಮುಂಗಾರಿನ ಮುಂಜಾವಿನಲ್ಲಿ ಇದು ಹಾಕುವ ಸಿಳ್ಳು ಮನುಷ್ಯರ ಸಿಳ್ಳನ್ನೇ ಹೋಲುವುದರಿಂದ ಇಂಗ್ಲಿಷಿನಲ್ಲಿ ಇದಕ್ಕೆ ‘ಸಿಳ್ಳು ಹಾಕುವ ಶಾಲಾ ಬಾಲಕ’ ಎಂಬರ್ಥದ ಅಡ್ಡಹೆಸರಿದೆ. ದಟ್ಟ ಕಾಡಿನ ನೆರಳಿನಲ್ಲಿ ಅಲುಗಾಡದೆ ಕೂರುವ ಕಾಕರಣೆ ಹಕ್ಕಿ, ನೀಲಿ ರೆಕ್ಕೆಯ ಮಲಬಾರ್ ಗಿಳಿ, ಬೆಟ್ಟದ ಮೈನಾ, ಕಾಡುಕೋಳಿ, ಆಕಾಶದಲ್ಲಿ ಸುತ್ತುತ್ತ ಕೂಗುವ ಪನ್ನಗಾರಿ ಇವು ಈ ನೆಲೆಯ ಇತರ ಹಕ್ಕಿಗಳು.

### ಗದ್ದೆ, ಕೆರೆ ಮತ್ತು ಹಿನ್ನೀರು

ಆಲೂರು ಭಾಗದ ಗದ್ದೆ ಬಯಲು ಮತ್ತು ಹಿನ್ನೀರಿನ ಅಂಚುಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ, ಟಿಟ್ಟಿಭ, ಕಳ್ಳಿಪೀರ ಮತ್ತು ಕವಲುತೋಕೆಗಳು ಕಾಣುತ್ತವೆ. ಬಯಲಿನ ತಂತಿಗಳ ಮೇಲೆ ಕೂರುವ ನೀಲಕಂಠವು ಕರ್ನಾಟಕದ ರಾಜ್ಯ ಪಕ್ಷಿ. ತೆರೆದ ನೆಲೆಯಾದ್ದರಿಂದ ಹಕ್ಕಿಗಳು ಹೆಚ್ಚು ಹೊತ್ತು ಕಣ್ಣಿಗೆ ಕಾಣುವ ಇಂತಹ ಸ್ಥಳಗಳು ಹೊಸಬರಿಗೆ ದಟ್ಟ ಕಾಡಿಗಿಂತ ಅನುಕೂಲಕರ.

## ಋತುಮಾನ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಮತ್ತು ಮಂಜಿನಿಂದಾಗಿ ಹಕ್ಕಿಗಳನ್ನು ನೋಡುವುದು ಕಷ್ಟ. ಈ ಅವಧಿಯಲ್ಲಿ ದನಿಯಿಂದ ಗುರುತಿಸುವ ಅಭ್ಯಾಸ ಮಾಡಬಹುದು. ಸೆಪ್ಟೆಂಬರ್‌ನಿಂದ ವಲಸೆ ಹಕ್ಕಿಗಳು ಬರತೊಡಗುತ್ತವೆ. ತೊರೆಗಳ ಬಳಿ ಬೂದು ಕುಂಡೆಕುಸ್ಕ, ಮರಗಳ ಮೇಲ್ಭಾಗದಲ್ಲಿ ಉಲಿಯಕ್ಕಿಗಳು, ತೋಟದ ನೆಲದಲ್ಲಿ ನವರಂಗ, ಮರಗಳ ನಡುವೆ ರಾಜಹಕ್ಕಿ ಮುಂತಾದವು ಚಳಿಗಾಲದಲ್ಲಿ ಕಾಣುತ್ತವೆ. ಇವುಗಳಲ್ಲಿ ಹಲವು ಹಿಮಾಲಯ ಹಾಗೂ ಅದರಾಚೆಯ ಪ್ರದೇಶಗಳಿಂದ ಬರುತ್ತವೆ.

ನವೆಂಬರ್‌ನಿಂದ ಫೆಬ್ರವರಿಯವರೆಗೆ ಕಾಫಿ ಕೊಯ್ಲಿನ ಕಾಲವಾದ್ದರಿಂದ ತೋಟದಲ್ಲಿ ಜನಸಂಚಾರ ಹೆಚ್ಚಿರುತ್ತದೆ. ಕೊಯ್ಲು ಮುಗಿದ ಮೇಲೆ, ಹಾಲುವಾಣದ ಕೆಂಪು ಹೂಗಳಿಗೆ ಮೈನಾ, ಸೂರಕ್ಕಿ, ಕಾಜಾಣ, ಪಿಕಳಾರಗಳು ಮುತ್ತುವ ದಿನಗಳಲ್ಲಿ, ಒಂದೇ ಮರದ ಕೆಳಗೆ ನಿಂತು ಹಲವು ಬಗೆಯ ಹಕ್ಕಿಗಳನ್ನು ನೋಡಬಹುದು. ಹಣ್ಣು ಬಿಟ್ಟ ಅತ್ತಿ, ಬಸರಿ, ಗೋಣಿ ಮರಗಳೂ ಇದೇ ರೀತಿ ಹಕ್ಕಿಗಳನ್ನು ಸೆಳೆಯುತ್ತವೆ. ಮಾರ್ಚ್–ಏಪ್ರಿಲ್ ಹೊತ್ತಿಗೆ ವಲಸೆ ಹಕ್ಕಿಗಳು ಹಿಂದಿರುಗುತ್ತವೆ.

## ಖರ್ಚು ಮತ್ತು ಸಲಕರಣೆಗಳು

ಪಕ್ಷಿವೀಕ್ಷಣೆಯನ್ನು ಆರಂಭಿಸಲು ಬೇಕಾಗುವುದು ಒಂದು ಪುಸ್ತಕ ಮತ್ತು ಒಂದು ಪೆನ್ಸಿಲ್ ಮಾತ್ರ. ಮಳೆಯಲ್ಲಿ ಶಾಯಿ ಕದಡುವುದರಿಂದ ಮಲೆನಾಡಿನಲ್ಲಿ ಪೆನ್ನಿಗಿಂತ ಪೆನ್ಸಿಲ್ ಸೂಕ್ತ. ಕಾಡಿನ ಎಲೆಗಳ ಬಣ್ಣಕ್ಕೆ ಹೊಂದುವ ಹಳೆಯ ಬಟ್ಟೆ ಸಾಕು.

ಬೈನಾಕ್ಯುಲರ್: ಈ ಹವ್ಯಾಸದಲ್ಲಿ ಹಣ ಕೊಟ್ಟು ಕೊಳ್ಳಬೇಕಾಗಬಹುದಾದ ಮುಖ್ಯ ವಸ್ತು ಇದೊಂದೇ. ಸಾಮಾನ್ಯ ದರ್ಜೆಯ ಬೈನಾಕ್ಯುಲರ್ ಕೆಲವು ಸಾವಿರ ರೂಪಾಯಿಗೆ ದೊರೆಯುತ್ತದೆ ಮತ್ತು ತೇವ ತಗಲದಂತೆ ಇಟ್ಟುಕೊಂಡರೆ ಅನೇಕ ವರ್ಷ ಬಾಳುತ್ತದೆ. ಅದರ ಮೇಲೆ ಬರೆದಿರುವ 8×42 ಎಂಬ ಸಂಖ್ಯೆಯಲ್ಲಿ 8 ಎಂಬುದು ಹಿಗ್ಗಿಸುವ ಪ್ರಮಾಣ, 42 ಎಂಬುದು ಮುಂದಿನ ಮಸೂರದ ವ್ಯಾಸ (ಮಿಲಿಮೀಟರ್‌ಗಳಲ್ಲಿ). ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಕಿರಣಪುಂಜದ ಅಗಲ ದೊರೆಯುತ್ತದೆ. 8×42ರಲ್ಲಿ ಇದು 5.25 ಮಿ.ಮೀ., 10×25ರಲ್ಲಿ ಕೇವಲ 2.5 ಮಿ.ಮೀ. ಕಾಫಿ ತೋಟ ಮತ್ತು ಕಾಡಿನ ಮಬ್ಬು ಬೆಳಕಿನಲ್ಲಿ ಮೊದಲನೆಯದರಲ್ಲಿ ಹಕ್ಕಿಯ ಬಣ್ಣ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಹಿಗ್ಗಿಸುವ ಪ್ರಮಾಣ ಹೆಚ್ಚಿದಷ್ಟೂ ಕೈನಡುಕವೂ ಹಿಗ್ಗಿ ಕಾಣುವುದರಿಂದ ಹೆಚ್ಚು ಹಿಗ್ಗಿಸುವ ಸಾಧನವೇ ಉತ್ತಮ ಎಂಬುದು ಸರಿಯಲ್ಲ. ಶಾಲೆ ಅಥವಾ ಗೆಳೆಯರ ಗುಂಪು ಸೇರಿ ಒಂದು ಬೈನಾಕ್ಯುಲರನ್ನು ಹಂಚಿಕೊಳ್ಳಬಹುದು.

ಕ್ಯಾಮೆರಾ: ಹಕ್ಕಿಗಳ ಛಾಯಾಗ್ರಹಣವು ದುಬಾರಿ ಮಸೂರಗಳನ್ನು ಬೇಡುವ ಪ್ರತ್ಯೇಕ ಹವ್ಯಾಸ. ಪಕ್ಷಿವೀಕ್ಷಣೆಗೆ ಕ್ಯಾಮೆರಾ ಅನಿವಾರ್ಯವಲ್ಲ. ಕಂಡ ಹಕ್ಕಿಯ ಒರಟು ರೇಖಾಚಿತ್ರವನ್ನು ಬರೆದು ಬಣ್ಣಗಳನ್ನು ಗುರುತು ಹಾಕಿಕೊಳ್ಳುವುದರಿಂದ ಗಮನಿಸುವ ಶಕ್ತಿ ಬೆಳೆಯುತ್ತದೆ.

ಪುಸ್ತಕಗಳು: ಕರ್ನಾಟಕದ ಸಾರ್ವಜನಿಕ ಗ್ರಂಥಾಲಯಗಳು ಹಾಗೂ ಗ್ರಾಮ ಪಂಚಾಯಿತಿಗಳ ಗ್ರಂಥಾಲಯ ಮತ್ತು ಅರಿವು ಕೇಂದ್ರಗಳು ಓದುಗರಿಗೆ ಲಭ್ಯವಿವೆ. ಮೈಸೂರು ಮೂಲದ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಸಂಸ್ಥೆಯ ‘ಅರ್ಲಿ ಬರ್ಡ್’ ಯೋಜನೆಯು ಮಕ್ಕಳಿಗಾಗಿ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಹಕ್ಕಿಗಳ ಕಲಿಕಾ ಸಾಮಗ್ರಿಗಳನ್ನು ಸಿದ್ಧಪಡಿಸಿದೆ.

ಮೊಬೈಲ್ ಆ್ಯಪ್‌ಗಳು: ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ ‘ಮರ್ಲಿನ್’ ಆ್ಯಪ್ ಉಚಿತವಾಗಿದ್ದು, ಚಿತ್ರ ಮತ್ತು ದನಿಯಿಂದ ಹಕ್ಕಿಗಳನ್ನು ಗುರುತಿಸಲು ನೆರವಾಗುತ್ತದೆ. ಪ್ರದೇಶದ ಮಾಹಿತಿಯನ್ನು ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಸಿಗದ ಕಣಿವೆಗಳಲ್ಲಿಯೂ ಬಳಸಬಹುದು. ಆದರೆ ಭೀಮರಾಜದಂತಹ ಅನುಕರಣಶೀಲ ಹಕ್ಕಿಗಳು, ಜೀರುಂಡೆಗಳ ಸದ್ದು ಮತ್ತು ಮಳೆಯ ಶಬ್ದದಿಂದ ಆ್ಯಪ್ ತಪ್ಪು ಉತ್ತರ ನೀಡುವ ಸಾಧ್ಯತೆ ಇರುವುದರಿಂದ, ಅದು ಸೂಚಿಸಿದ ಹೆಸರನ್ನು ಹಕ್ಕಿಯನ್ನು ಕಂಡು ಖಚಿತಪಡಿಸಿಕೊಂಡ ಮೇಲೆಯೇ ದಾಖಲಿಸಬೇಕು.

## ವಿಧಾನ

ಸೂರ್ಯೋದಯದ ನಂತರದ ಎರಡು ಮೂರು ಗಂಟೆಗಳು ಮತ್ತು ಸಂಜೆಯ ಹೊತ್ತು ಹಕ್ಕಿಗಳು ಹೆಚ್ಚು ಚಟುವಟಿಕೆಯಿಂದಿರುತ್ತವೆ. ಹೆಚ್ಚು ದೂರ ನಡೆಯುವುದಕ್ಕಿಂತ ಒಂದೆಡೆ ಸದ್ದಿಲ್ಲದೆ ಕೂರುವುದು ಹಲವು ಸಂದರ್ಭಗಳಲ್ಲಿ ಫಲಕಾರಿ. ಹೊಸ ಹಕ್ಕಿಯೊಂದನ್ನು ಕಂಡಾಗ ಪುಸ್ತಕ ತೆರೆಯುವ ಮೊದಲು ಈ ಕೆಳಗಿನ ಅಂಶಗಳನ್ನು ಗಮನಿಸಿ ಬರೆದುಕೊಳ್ಳಬೇಕು. ಪುಸ್ತಕದ ಪುಟ ತಿರುವುವಷ್ಟರಲ್ಲಿ ಹಕ್ಕಿ ಹಾರಿಹೋಗಬಹುದು.

* ಗಾತ್ರ: ಗುಬ್ಬಚ್ಚಿ, ಗೊರವಂಕ, ಕಾಗೆ, ಗರುಡ ಇವುಗಳಲ್ಲಿ ಯಾವುದಕ್ಕೆ ಸಮೀಪ?
* ಕೊಕ್ಕು: ಕಾಳು ಒಡೆಯುವ ಮೊಂಡು ಕೊಕ್ಕೇ, ಮಕರಂದ ಹೀರುವ ಬಾಗಿದ ಕೊಕ್ಕೇ, ಮಾಂಸ ಸೀಳುವ ಕೊಕ್ಕೆಯಂತಹ ಕೊಕ್ಕೇ?
* ಬಣ್ಣ: ತಲೆ, ಎದೆ, ರೆಕ್ಕೆ ಮತ್ತು ಬಾಲದ ಎದ್ದುಕಾಣುವ ಗುರುತುಗಳು
* ಬಾಲ: ಉದ್ದ, ಗಿಡ್ಡ, ಕವಲು ಅಥವಾ ಬೀಸಣಿಗೆಯಾಕಾರ
* ನಡವಳಿಕೆ: ಕುಪ್ಪಳಿಸುವುದು, ನಡೆಯುವುದು, ಕಾಂಡಕ್ಕೆ ಅಂಟಿ ಹತ್ತುವುದು, ಗಾಳಿಯಲ್ಲಿ ಕೀಟ ಹಿಡಿಯುವುದು
* ಸ್ಥಳ: ನೆಲ, ಕಾಫಿ ಗಿಡದ ಎತ್ತರ, ಮರದ ನಡುಭಾಗ ಅಥವಾ ನೆತ್ತಿ
* ದನಿ: ಅಕ್ಷರಗಳಲ್ಲಿ ಅನುಕರಿಸಿ ಬರೆದುಕೊಂಡದ್ದು

ದಿನಾಂಕ, ಆರಂಭಿಸಿದ ಮತ್ತು ಮುಗಿಸಿದ ಸಮಯ, ಸ್ಥಳ, ಹವಾಮಾನ ಹಾಗೂ ಪ್ರತಿ ಹಕ್ಕಿಯ ಸಂಖ್ಯೆಯನ್ನು ಬರೆಯುವುದು ರೂಢಿ. ಒಂದೇ ಜಾಗವನ್ನು ವರ್ಷವಿಡೀ ಮತ್ತೆ ಮತ್ತೆ ನೋಡುವ ಕ್ರಮಕ್ಕೆ ಪ್ರಯಾಣದ ಖರ್ಚಿಲ್ಲ. ಅಪರೂಪದ ಹಕ್ಕಿಯನ್ನು ಹುಡುಕಿ ದೂರ ಹೋಗುವ ಕ್ರಮಕ್ಕಿಂತ ಅದರಿಂದ ದೊರೆಯುವ ಮಾಹಿತಿಯೂ ಹೆಚ್ಚು ಹೋಲಿಕೆಗೆ ಯೋಗ್ಯವಾದದ್ದು.

## ಹವ್ಯಾಸಿಗಳ ದಾಖಲೆಗಳ ಮಹತ್ವ

ಹವ್ಯಾಸಿಗಳ ಟಿಪ್ಪಣಿಗಳು ವಿಜ್ಞಾನಕ್ಕೂ ಆಧಾರವಾಗುತ್ತವೆ. 2002ರಲ್ಲಿ ಆರಂಭವಾದ ‘ಇಬರ್ಡ್’ ಎಂಬ ಉಚಿತ ಜಾಲತಾಣದಲ್ಲಿ ಯಾರು ಬೇಕಾದರೂ ತಮ್ಮ ಪಟ್ಟಿಗಳನ್ನು ಸೇರಿಸಬಹುದು. 1998ರಲ್ಲಿ ಉತ್ತರ ಅಮೆರಿಕದಲ್ಲಿ ಶುರುವಾದ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಎಂಬ ಹಿತ್ತಲಿನ ಹಕ್ಕಿ ಗಣತಿಯಲ್ಲಿ ಭಾರತೀಯರು 2013ರಿಂದ ಭಾಗವಹಿಸುತ್ತಿದ್ದಾರೆ. ಪ್ರತಿ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಈ ಗಣತಿಯಲ್ಲಿ ಕನಿಷ್ಠ 15 ನಿಮಿಷ ಹಕ್ಕಿಗಳನ್ನು ಎಣಿಸಿ ಪಟ್ಟಿ ಸಲ್ಲಿಸಿದರೆ ಸಾಕು.

2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಯು 30,000ಕ್ಕೂ ಹೆಚ್ಚು ಪಕ್ಷಿವೀಕ್ಷಕರು ನೀಡಿದ ಮಾಹಿತಿಯನ್ನು ಆಧರಿಸಿ 942 ಪ್ರಭೇದಗಳ ಸ್ಥಿತಿಗತಿಯನ್ನು ಪರಿಶೀಲಿಸಿತು ಮತ್ತು 178 ಪ್ರಭೇದಗಳಿಗೆ ಸಂರಕ್ಷಣೆಯ ಹೆಚ್ಚಿನ ಆದ್ಯತೆ ನೀಡಬೇಕೆಂದು ಗುರುತಿಸಿತು. ಇಂತಹ ಲೆಕ್ಕಾಚಾರದಲ್ಲಿ ಕಾಗೆ, ಮೈನಾಗಳನ್ನೂ ಬಿಡದೆ ಕಂಡ ಎಲ್ಲ ಹಕ್ಕಿಗಳನ್ನು ಸೇರಿಸಿದ ‘ಪೂರ್ಣ ಪಟ್ಟಿ’ಗೆ ವಿಶೇಷ ಬೆಲೆಯಿದೆ. ಪೂರ್ಣ ಪಟ್ಟಿಯಲ್ಲಿ ಒಂದು ಹಕ್ಕಿಯ ಹೆಸರಿಲ್ಲವೆಂದರೆ ಅದು ಅಂದು ಕಾಣಲಿಲ್ಲ ಎಂದರ್ಥ. ಅಪರೂಪದ ಹಕ್ಕಿಗಳನ್ನು ಮಾತ್ರ ಬರೆದ ಪಟ್ಟಿಯಿಂದ ಈ ತೀರ್ಮಾನಕ್ಕೆ ಬರಲಾಗದು. ಸಾಮಾನ್ಯ ಹಕ್ಕಿಯೊಂದು ನಿಧಾನವಾಗಿ ಕಡಿಮೆಯಾಗುತ್ತಿರುವುದು ತಿಳಿಯುವುದು ಪೂರ್ಣ ಪಟ್ಟಿಗಳಿಂದಲೇ.

ಸಕಲೇಶಪುರ–ಆಲೂರು ಪ್ರದೇಶದಲ್ಲಿ ಇಂತಹ ದಾಖಲೆಗಳಿಗೆ ಪ್ರಸ್ತುತ ಕಾರಣಗಳಿವೆ. ಕಾಫಿ ತೋಟಗಳಲ್ಲಿ ಕಾಡುಜಾತಿಯ ನೆರಳಿನ ಮರಗಳ ಬದಲಿಗೆ ಬೇಗ ಬೆಳೆಯುವ, ಮರಮಟ್ಟಿನ ಬೆಲೆಯುಳ್ಳ, ಕರಿಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲವಾದ ಸಿಲ್ವರ್ ಓಕ್ ಮರಗಳು ವ್ಯಾಪಕವಾಗಿವೆ. ಆಸ್ಟ್ರೇಲಿಯಾ ಮೂಲದ ಈ ಮರವು ಮಂಗಟ್ಟೆ, ಕುಟ್ರ ಹಕ್ಕಿಗಳಿಗೆ ಬೇಕಾದ ಹಣ್ಣನ್ನು ಕೊಡುವುದಿಲ್ಲ. ಹೆದ್ದಾರಿ ವಿಸ್ತರಣೆ, ಎತ್ತಿನಹೊಳೆ ಕುಡಿಯುವ ನೀರಿನ ಯೋಜನೆಯ ಕಾಮಗಾರಿ ಮತ್ತು ಪ್ರವಾಸೋದ್ಯಮದಿಂದಲೂ ಭೂದೃಶ್ಯ ಬದಲಾಗಿದೆ. ಬದಲಾವಣೆಗೆ ಮೊದಲು ಯಾವ ಹಕ್ಕಿ ಎಲ್ಲಿ ಎಷ್ಟಿತ್ತು ಎಂಬ ದಾಖಲೆ ಇಲ್ಲದಿದ್ದರೆ ಆಗಿರುವ ನಷ್ಟವನ್ನು ಅಳೆಯುವುದು ಸಾಧ್ಯವಿಲ್ಲ. ತೋಟದ ಮನೆಯಲ್ಲಿ ಇಟ್ಟ ಒಂದು ನೋಟ್‌ಪುಸ್ತಕವೂ ಈ ಅರ್ಥದಲ್ಲಿ ಮುಂದಿನವರಿಗೆ ಆಕರವಾಗಬಲ್ಲದು.

## ಸುರಕ್ಷತೆ

ಕಾಡಾನೆ: ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳಲ್ಲಿ ಕಾಡಾನೆಗಳು ಕಾಫಿ ತೋಟಗಳಲ್ಲಿಯೇ ಬೀಡುಬಿಡುತ್ತವೆ. ಆನೆ ದಾಳಿಯಿಂದ ತೋಟದ ಕಾರ್ಮಿಕರು ಮತ್ತು ಬೆಳೆಗಾರರು ಪ್ರಾಣ ಕಳೆದುಕೊಂಡಿದ್ದಾರೆ. ಆನೆಗಳೂ ಸತ್ತಿವೆ. ಕರ್ನಾಟಕ ಆನೆ ಕಾರ್ಯಪಡೆಯು 2012ರಲ್ಲಿ ಸಲ್ಲಿಸಿದ ವರದಿಯಲ್ಲಿ ಈ ಭಾಗದ ಆನೆಗಳನ್ನು ಹಿಡಿದು ಸ್ಥಳಾಂತರಿಸುವಂತೆ ಸೂಚಿಸಲಾಗಿತ್ತು. ಅದರ ನಂತರ ಅನೇಕ ಆನೆಗಳನ್ನು ಹಿಡಿದರೂ ಸಮಸ್ಯೆ ಮುಗಿಯಲಿಲ್ಲ. ಮೈಸೂರು ದಸರಾದಲ್ಲಿ ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತಿದ್ದ ಅರ್ಜುನ ಎಂಬ ಆನೆ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಅರಣ್ಯ ವ್ಯಾಪ್ತಿಯಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆಯ ವೇಳೆ ಕಾಡಾನೆಯೊಂದಿಗೆ ಹೋರಾಡಿ ಮೃತಪಟ್ಟಿತು.

ಹಕ್ಕಿಗಳು ಹೆಚ್ಚು ಕಾಣುವ ಮುಂಜಾನೆ ಮತ್ತು ಮುಸ್ಸಂಜೆಯ ಹೊತ್ತೇ ಆನೆಗಳು ಸಂಚರಿಸುವ ಹೊತ್ತು. ಆದ್ದರಿಂದ ಈ ಪ್ರದೇಶದಲ್ಲಿ ಕತ್ತಲು ಪೂರ್ತಿ ಹರಿಯುವ ಮೊದಲು ತೋಟಕ್ಕೆ ಹೋಗಬಾರದು, ಒಬ್ಬರೇ ಹೋಗಬಾರದು, ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಬಾರದು. ಅರಣ್ಯ ಇಲಾಖೆ ನೀಡುವ ಆನೆ ಸಂಚಾರದ ಸೂಚನೆಗಳನ್ನು ಗಮನಿಸಬೇಕು ಮತ್ತು ತೋಟದ ಕೆಲಸಗಾರರನ್ನು ವಿಚಾರಿಸಬೇಕು. ಹಸಿ ಲದ್ದಿ, ಮುರಿದ ಬೈನೆ ಅಥವಾ ಬಾಳೆ, ರೆಂಬೆ ಮುರಿಯುವ ಸದ್ದು ಕಂಡುಬಂದರೆ ಕೂಡಲೇ ಹಿಂದಿರುಗಬೇಕು. ಇಂತಹ ದಿನಗಳಲ್ಲಿ ಮನೆಯ ಜಗಲಿಯಿಂದಲೇ ವೀಕ್ಷಣೆ ನಡೆಸುವುದು ಸೂಕ್ತ.

ರೈಲು ಹಳಿ: ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ರೈಲು ಮಾರ್ಗವು ಸುರಂಗ ಮತ್ತು ಸೇತುವೆಗಳ ಸಾಲಿನಿಂದ ಚಾರಣಿಗರಲ್ಲಿ ಪ್ರಸಿದ್ಧವಾಗಿತ್ತು. ಹಳಿಯ ಮೇಲೆ ನಡೆಯುವುದು ರೈಲ್ವೆ ಕಾಯ್ದೆಯಡಿ ಅಪರಾಧ; ಪ್ರಾಣಾಪಾಯಕಾರಿಯೂ ಹೌದು.

ಇತರೆ: ಮಳೆಗಾಲದಲ್ಲಿ ಇಂಬಳಗಳ ಕಾಟ ಹೆಚ್ಚು. ಕಾಲುಚೀಲದ ಹೊರಮೈಗೆ ಉಪ್ಪು ಅಥವಾ ಸುಣ್ಣ ಸವರಿಕೊಳ್ಳುವುದು ಮಲೆನಾಡಿನ ರೂಢಿ. ಬೇಸಿಗೆಯಲ್ಲಿ ಉಣ್ಣೆಗಳಿಂದ ರಕ್ಷಣೆಗೆ ಪೂರ್ಣ ಉದ್ದದ ಬಟ್ಟೆ ಧರಿಸಬೇಕು. ತರಗೆಲೆಯ ಮೇಲೆ ಕಾಲಿಡುವಾಗ ಹಾವುಗಳ ಬಗ್ಗೆ ಎಚ್ಚರ ಅಗತ್ಯ.

## ಕಾನೂನು ಮತ್ತು ನೀತಿ

ಮೀಸಲು ಅರಣ್ಯದೊಳಗೆ ಪ್ರವೇಶಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಕಾಫಿ ತೋಟಗಳು ಖಾಸಗಿ ಆಸ್ತಿಯಾದ್ದರಿಂದ ಮಾಲೀಕರ ಒಪ್ಪಿಗೆ ಪಡೆಯಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಅಡಿಯಲ್ಲಿ ಗಿಳಿ, ಮೈನಾ ಸೇರಿದಂತೆ ಸಂರಕ್ಷಿತ ಕಾಡು ಹಕ್ಕಿಗಳನ್ನು ಹಿಡಿಯುವುದು, ಪಂಜರದಲ್ಲಿಡುವುದು, ಅವುಗಳ ಮೊಟ್ಟೆ ಅಥವಾ ಗೂಡನ್ನು ತೆಗೆಯುವುದು ಅಪರಾಧ.

ಗೂಡಿನ ಬಳಿ ಹೋಗದಿರುವುದು, ಮರೆಯಾಗಿರುವ ಎಲೆ ಕೊಂಬೆಗಳನ್ನು ಕಡಿಯದಿರುವುದು, ಹಕ್ಕಿಯನ್ನು ಸೆಳೆಯಲು ಧ್ವನಿಮುದ್ರಿತ ಕೂಗನ್ನು ಮತ್ತೆ ಮತ್ತೆ ಹಾಕದಿರುವುದು ವೀಕ್ಷಕರು ಪಾಲಿಸುವ ನಿಯಮಗಳು. ತನ್ನ ಎಲ್ಲೆಯೊಳಗೆ ಬೇರೆ ಹಕ್ಕಿ ಬಂದಿತೆಂದು ಭಾವಿಸುವ ಹಕ್ಕಿಯು ಆಹಾರ ಹುಡುಕುವುದನ್ನೂ ಮರಿಗಳನ್ನೂ ಬಿಟ್ಟು ಅದನ್ನು ಓಡಿಸಲು ಶ್ರಮಿಸುತ್ತದೆ. ಮಂಗಟ್ಟೆಯ ಗೂಡಿನ ನಿಖರ ಸ್ಥಳವನ್ನು ಸಾಮಾಜಿಕ ಜಾಲತಾಣಗಳಲ್ಲಿ ಪ್ರಕಟಿಸಬಾರದು.

## ಇದೇ ಬಗೆಯ ಇತರ ಹವ್ಯಾಸಗಳು

ಮಳೆ ಲೆಕ್ಕ: ಮಲೆನಾಡಿನ ಕಾಫಿ ಬೆಳೆಗಾರರು ಮಳೆಮಾಪಕವಿಟ್ಟು ದಿನದ ಮಳೆಯನ್ನು ಇಂಚು ಮತ್ತು ಸೆಂಟ್‌ಗಳಲ್ಲಿ ಬರೆದಿಡುವ ಪದ್ಧತಿ ಹಳೆಯದು. ಒಂದು ಇಂಚಿಗೆ 100 ಸೆಂಟ್, ಅಂದರೆ 25.4 ಮಿ.ಮೀ. ಬಾಯಿ ಮತ್ತು ತಳ ಒಂದೇ ಅಗಲವಿರುವ ಯಾವುದೇ ಡಬ್ಬಿಯನ್ನು ಬಯಲಿನಲ್ಲಿಟ್ಟು, ಪ್ರತಿದಿನ ಬೆಳಗ್ಗೆ 8.30ಕ್ಕೆ ನೀರಿನ ಆಳವನ್ನು ಅಳತೆಪಟ್ಟಿಯಿಂದ ಅಳೆದರೆ ಅದೇ ಮಳೆಯ ಪ್ರಮಾಣ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು. ಹಕ್ಕಿಗಳ ಪಟ್ಟಿಯ ಪಕ್ಕದಲ್ಲಿಯೇ ಮಳೆಯನ್ನೂ ಬರೆದರೆ ಎರಡರ ಸಂಬಂಧ ಸ್ಪಷ್ಟವಾಗುತ್ತದೆ.

ಚಿಟ್ಟೆ ವೀಕ್ಷಣೆ: ಬಿಸಿಲೇರಿದ ಮೇಲೆ ಹಕ್ಕಿಗಳು ಕಡಿಮೆಯಾಗಿ ಚಿಟ್ಟೆಗಳು ಹೆಚ್ಚುವುದರಿಂದ ಎರಡೂ ಹವ್ಯಾಸಗಳು ಪರಸ್ಪರ ಪೂರಕ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಘಟ್ಟದ ಕಾಡು ತೋಟಗಳಲ್ಲಿ ಕಾಣುತ್ತದೆ.

ಮರಗಳ ದಿನಚರಿ: ಒಂದೇ ಮರವನ್ನು ವಾರಕ್ಕೊಮ್ಮೆ ನೋಡಿ ಚಿಗುರು, ಹೂ, ಕಾಯಿ, ಹಣ್ಣುಗಳ ಕಾಲವನ್ನು ಬರೆದಿಡುವುದು. ‘ಸೀಸನ್‌ವಾಚ್’ ಎಂಬ ಯೋಜನೆಯು ಇಂತಹ ಮಾಹಿತಿಯನ್ನು ದೇಶದಾದ್ಯಂತ ಶಾಲಾ ಮಕ್ಕಳು ಮತ್ತು ಸಾರ್ವಜನಿಕರಿಂದ ಸಂಗ್ರಹಿಸುತ್ತದೆ.

## ಇವನ್ನೂ ನೋಡಿ

* ಪಶ್ಚಿಮಘಟ್ಟಗಳು
* ಸಕಲೇಶಪುರ
* ಆಲೂರು
* ಬಿಸಿಲೆ ಘಾಟಿ
* ಹೇಮಾವತಿ ನದಿ
* ಕೆ. ಪಿ. ಪೂರ್ಣಚಂದ್ರ ತೇಜಸ್ವಿ
* ಸಲೀಂ ಅಲಿ
* ಮಂಗಟ್ಟೆ